ಗಣಕಯಂತ್ರದ ಒಡಲೊಳಗಿನ ಕಿಂಡಿಗಳು

ಕೀಲಿಮಣೆಗೊಂದು, ಮೌಸಿಗೊಂದು ಯು.ಎಸ್.ಬಿ. ಕಿಂಡಿ ಹೋದಮೇಲೆ ಪ್ರಿಂಟರಿಗೆ, ಪೆನ್‌ಡ್ರೈವಿಗೆ ಎಡೆಯಿಲ್ಲವೆಂದು ಹಳೆಯ ಗಣಕಯಂತ್ರವನ್ನು ಗುಜರಿಗೆ ಹಾಕುವುದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಯಾವ ಶಾಲೆಗೂ ಒಪ್ಪುವ ನಡೆಯಲ್ಲ. ಪೆಟ್ಟಿಗೆಯ ಬೆನ್ನನ್ನು ಕಂಡವರು ಅದರ ಒಡಲನ್ನು ಕಂಡಿಲ್ಲ. ಒಳಗಿನ ಮದರ್‌ಬೋರ್ಡಿನ ಮೇಲೆ 9 ಪಿನ್ನುಗಳ ಜೋಡಿಸಾಲೊಂದು ಅನೇಕ ವೇಳೆ ಬರಿದೇ ಉಳಿದಿರುತ್ತದೆ. ಒಂದು ಪಿನ್ನಿನ ಎಡೆಯನ್ನು ಖಾಲಿ ಬಿಟ್ಟಿರುವುದು ತಲೆಕೆಳಗಾಗಿ ಜೋಡಿಸದಿರಲೆಂದೇ. ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಅಲ್ಲಿಗೆ ತಂತಿಯ ತುದಿಯನ್ನು ಕೂಡಿಸಿ, ಅದರ ತಗಡುಪಟ್ಟಿಯನ್ನು ಪೆಟ್ಟಿಗೆಯ ಹಿಂಬದಿಗೆ ತಿರುಪಿನಿಂದ ಬಿಗಿದರೆ ಎರಡು ಕಿಂಡಿಗಳು ದೊರೆಯುತ್ತವೆ. ಇದನ್ನು ಮೇಷ್ಟರ ಕಣ್ಣೆದುರು ವಿದ್ಯಾರ್ಥಿಗಳೇ ಮಾಡಬೇಕು. ಆದರೆ ಫೈರ್‌ವೈರ್ ಎಂಬುದರ ಸಾಲೂ ರೂಪದಲ್ಲಿ ಇದರಂತೆಯೇ ಇರುವುದುಂಟು. ತಪ್ಪಿ ಅದಕ್ಕೆ ಚುಚ್ಚಿದರೆ 5 ವೋಲ್ಟಿನ ಸಾಧನಕ್ಕೆ 12 ವೋಲ್ಟ್ ಹರಿದು ಸುಟ್ಟೀತು. ಕನ್ನಡಕ ಧರಿಸಿಯಾದರೂ ಬೋರ್ಡಿನ ಮೇಲಿನ ಸಣ್ಣಕ್ಷರವನ್ನು ಓದಿಕೊಂಡೇ ಕೈಯಿಡತಕ್ಕದ್ದು.