ನಕ್ಷೆ ನೀಲಿ, ಬಾವಿ ಖಾಲಿ

ಈ ವಾರ ಕಲಬುರಗಿಯ ಸಭಾಂಗಣವೊಂದರಲ್ಲಿ ಕೂತು ನೀರಿನ ಕಂಪ್ಯೂಟರ್ 'ಮಾಡೆಲ್' ನೋಡಿ ಬಂದೆ. ಪರದೆಯ ಮೇಲೆ ಕಮಲಾಪುರ ತಾಲ್ಲೂಕು ತಿಳಿನೀಲಿಯಾಗಿ ಹೊಳೆಯುತ್ತಿತ್ತು. 'ಈ ಬಣ್ಣ ಬಳಿಯುವ ಮುಂಚೆ ಎಷ್ಟು ಬಾವಿ ಅಳೆದಿರಿ?' ಎಂದೆ. 'ಸರ್, ಇದು ಸ್ಯಾಟಲೈಟ್ ಡೇಟಾ' ಎಂದರು ತೋರಿಸುತ್ತಿದ್ದವರು. ಸಿಟ್ಟು ಬಂದದ್ದು ಅಲ್ಲೇ.

ಮಾಡೆಲ್‌ಗಳ ಮೇಲೆ ನನಗೆ ಹಗೆಯಿಲ್ಲ. ವಿಶ್ವಬ್ಯಾಂಕ್ ನೆರವಿನ ಸುಜಲ-3 ಯೋಜನೆಯಲ್ಲಿ ನಮ್ಮ ಜಿಲ್ಲೆಯೂ ಇತ್ತು. ಆಗ ಗುಂಡಿ ತೋಡಿ ಮಣ್ಣು ನೋಡಿದರು, ಸರ್ವೆ ನಂಬರ್ ಕಾಣುವಂಥ 1:7,920 ಅಳತೆಯ ನಕ್ಷೆ ಮಾಡಿದರು, ರೈತರಿಗೆ ಅವರವರ ಹೊಲದ ಕಾರ್ಡು ಕೊಟ್ಟರು. ಕೆಲಸ ಎಂದರೆ ಅದು. ಕಾಲಿಗೆ ಎರೆ ಮಣ್ಣು ಮೆತ್ತಿಕೊಂಡವರು ಮಾಡಿದ್ದು.

ಈ ಎರೆ ಭೂಮಿ ಸುಲಭಕ್ಕೆ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಮೇ ತಿಂಗಳಲ್ಲಿ ಕಮಲಾಪುರದ ಕಡೆ ಹೊಲಕ್ಕಿಳಿದು ಒಂದು ತೊಗರಿ ಕಟ್ಟಿಗೆಯನ್ನು ಬಿರುಕಿಗೆ ಬಿಡಿ. ಮೊಣಕಾಲುದ್ದ ಒಳಗೆ ಹೋಗುತ್ತದೆ. ಮುಂಗಾರಿನ ಮೊದಲ ಮಳೆ ಹಳ್ಳದ ಮುಖ ನೋಡದೆ ಆ ಬಿರುಕಿಗೇ ಇಳಿಯುತ್ತದೆ. ನಾಲ್ಕಾರು ಮಳೆ ಬಿದ್ದು ಮಣ್ಣು ಉಬ್ಬಿತೆಂದರೆ ಬಿರುಕು ಮುಚ್ಚಿತು. ಆಮೇಲೆ ಬಿದ್ದದ್ದು ಮೇಲಿಂದಲೇ ಹರಿದು ಹೋಗುತ್ತದೆ. ಒಂದೇ ಹೊಲ, ಜೂನ್‌ಗೆ ಒಂದು ಲೆಕ್ಕ, ಸೆಪ್ಟೆಂಬರ್‌ಗೆ ಇನ್ನೊಂದು. ಹರಿವು ಲೆಕ್ಕ ಹಾಕಲು ನಮ್ಮವರು ನೆಚ್ಚಿಕೊಂಡ 'ಕರ್ವ್ ನಂಬರ್' ಪದ್ಧತಿ 1950ರ ದಶಕದಲ್ಲಿ ಅಮೆರಿಕದ ಹೊಲಗಳಿಗೆಂದು ಹುಟ್ಟಿದ್ದು. ಮಣ್ಣಿನ ಹಸಿ ನೋಡಿ ತಿದ್ದಿಕೊಳ್ಳಲು ಅದರಲ್ಲಿ ದಾರಿಯಿದೆ, ನಿಜ. ಆದರೆ ತಿದ್ದಬೇಕಾದರೆ ಇಲ್ಲಿನ ಹಳ್ಳದ ಹರಿವನ್ನು ಯಾರಾದರೂ ಅಳೆದಿರಬೇಕಲ್ಲ?

ಎರೆಯ ಕೆಳಗಿನ ಕಪ್ಪು ಬಂಡೆ ಇನ್ನೂ ಹಟಮಾರಿ. ನೀರು ನಿಲ್ಲುವುದು ಶಿಥಿಲಗೊಂಡ ಮೇಲ್ಪದರಲ್ಲಿ ಮತ್ತು ಸೀಳುಗಳಲ್ಲಿ ಮಾತ್ರ. ಬದುವಿನ ಈಚೆ ಬೋರಿಗೆ ಎರಡಿಂಚು ನೀರು ಬಿದ್ದರೆ, ಆಚೆ ಬರೀ ಧೂಳು. ಅಂತರ್ಜಲದ ಸರ್ಕಾರಿ ಲೆಕ್ಕ ಮಾತ್ರ ಸರಳ: ವರ್ಷಕ್ಕೆ ತೆಗೆಯಬಹುದಾದದ್ದರಲ್ಲಿ ಶೇ 70ರೊಳಗೆ ತೆಗೆದರೆ 'ಸುರಕ್ಷಿತ', 100 ದಾಟಿದರೆ 'ಅತಿಬಳಕೆ'. ತಾಲ್ಲೂಕಿಗೆಲ್ಲ ಒಂದೇ ಬಣ್ಣ. ಮಳೆ ನಂಬಿದ ತೊಗರಿ ಹೊಲಕ್ಕೂ ಅದೇ, ಕೆಂಪು ಬಾಳೆ ತೋಟಕ್ಕೂ ಅದೇ.

ಆ ಬಾಳೆ ಬೆಳೆಯುವ ರೈತರೊಬ್ಬರ ಹತ್ತಿರ ಒಂದು ಹಗ್ಗವಿದೆ. ಮೊಳಕ್ಕೊಂದು ಗಂಟು, ತುದಿಗೆ ಕಲ್ಲು. ಕೆಂಪು ಬಾಳೆ ಕೈಗೆ ಬರಲು ಹೆಚ್ಚುಕಡಿಮೆ ಒಂದೂವರೆ ವರ್ಷ ಬೇಕು. ನಡುವೆ ಬೇಸಿಗೆ ದಾಟಿಸಬೇಕು. ಯುಗಾದಿಗೆ ಹಗ್ಗ ಇಳಿಸಿ, ಎಷ್ಟು ಗಂಟು ಒಣಗಿಯೇ ಮೇಲೆ ಬಂದವು ಎಂದು ಎಣಿಸಿ, ಹೊಸ ಕಂದು ನೆಡಬೇಕೋ ಬೇಡವೋ ತೀರ್ಮಾನಿಸುತ್ತಾರೆ. ಸಭೆಯ ನಕ್ಷೆಯನ್ನು ಮೊಬೈಲ್‌ನಲ್ಲಿ ತೋರಿಸಿದೆ. 'ಇದರಾಗ ನಮ್ ಬಾಂವಿ ಎಲ್ಲದ ತೋರಸ್ರಿ' ಎಂದರು.

ನಗರದ್ದೂ ಇದೇ ಪಾಡು. ಕಲಬುರಗಿ ಕುಡಿಯುವುದು ಬೆಣ್ಣೆತೊರಾ ನೀರು, ಸರಡಗಿಯಲ್ಲಿ ಎತ್ತುವ ಭೀಮೆಯ ನೀರು. ಭೀಮೆ ಸೊರಗಿದಾಗ ಉಜ್ಜನಿ ಜಲಾಶಯದಿಂದ ನೀರು ಬಿಡಿ ಎಂದು ಮಹಾರಾಷ್ಟ್ರಕ್ಕೆ ಪತ್ರ. 2020ರ ಅಕ್ಟೋಬರ್‌ನಲ್ಲಿ ಅದೇ ಭೀಮೆ ಉಕ್ಕಿ ಊರೂರು ಮುಳುಗಿಸಿತು. ಬರಕ್ಕೊಂದು ಫೈಲು, ನೆರೆಗೊಂದು ಫೈಲು. ಎರಡನ್ನೂ ಒಟ್ಟಿಗೆ ಇಟ್ಟು ಓದುವವರಿಲ್ಲ.

ಆದ್ದರಿಂದ ನನ್ನ ಹಳೇ ರಾಗ, ಬೇಸರವಾದರೂ ಕೇಳಿ. ಪ್ರತಿ ಕೆರೆಗೆ ಮಟ್ಟ ತೋರಿಸುವ ಒಂದು ಗೀಟುಗಲ್ಲು ನೆಡಿ. ಊರಿಗೊಂದು ತೆರೆದ ಬಾವಿ ಆರಿಸಿ, ತಿಂಗಳಿಗೊಮ್ಮೆ ಅಳೆದು ಪಂಚಾಯಿತಿ ಗೋಡೆಯ ಮೇಲೆ ಬರೆಯಿರಿ. ಶಾಲೆಯ ಮಕ್ಕಳೂ ಮಾಡಬಲ್ಲ ಕೆಲಸ. ಇದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ. ಬಹುಶಃ ಅದಕ್ಕೇ ಯಾರಿಗೂ ರುಚಿಸುವುದಿಲ್ಲ.

ಹತ್ತು ವರ್ಷ ಬಾವಿ ಅಳೆದ ನೋಟ್‌ಬುಕ್ ಇದ್ದವರಿಗೆ ಕಂಪ್ಯೂಟರ್ ಮಾಡೆಲ್ ದಾರಿ ತೋರಿಸುತ್ತದೆ. ನೋಟ್‌ಬುಕ್ ಇಲ್ಲದವರಿಗೆ ಅದು ಬಿಲ್ ಪಾಸು ಮಾಡಿಸಿಕೊಳ್ಳುವ ಯಂತ್ರ, ಅಷ್ಟೇ.