ಹೇಳಬಲ್ಲವರನ್ನು ಕೇಳಬೇಕಾಗಿದೆ

ಕವಿ, ಗಮಕಿ, ವಾದಿ, ವಾಗ್ಮಿ ಎಂದು ನಾಲ್ವರನ್ನು ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ ಗೌರವಿಸುತ್ತಿದ್ದ ನಮ್ಮ ಪೂರ್ವಿಕರು, ಕಾವ್ಯವನ್ನು ಕಟ್ಟುವವನಿಗೆ ಒಂದು ಪೀಠವನ್ನೂ, ಅದನ್ನು ಸಭೆಯ ಕಿವಿಗೂ ಹೃದಯಕ್ಕೂ ಮುಟ್ಟಿಸುವವನಿಗೆ ಅದರ ಪಕ್ಕದಲ್ಲಿಯೇ ಇನ್ನೊಂದು ಪೀಠವನ್ನೂ ಹಾಕಿಸಿದ್ದರು. ರಚನೆ ಒಂದು ವಿದ್ಯೆ, ನಿರೂಪಣೆ ಇನ್ನೊಂದು ವಿದ್ಯೆ, ಎರಡೂ ಒಬ್ಬನಲ್ಲಿಯೇ ಕೂಡಿದರೆ ಅದು ಭಾಗ್ಯ, ಕೂಡದಿದ್ದರೆ ಯಾರಿಗೂ ಕುಂದಿಲ್ಲ ಎಂಬ ವಿವೇಕ ಆ ಎಣಿಕೆಯಲ್ಲಿ ಅಡಗಿತ್ತು. ಇಂದು ಆ ನಾಲ್ವರ ಪೈಕಿ ಕವಿಗಳು ಊರೂರಿಗೂ ಇದ್ದಾರೆ, ವಾದಿಗಳು ಟಿ.ವಿ. ವಾಹಿನಿಗಳಲ್ಲಿ ಬೇಕಾದುದಕ್ಕಿಂತ ಹೆಚ್ಚಾಗಿಯೇ ಇದ್ದಾರೆ. ವಾಗ್ಮಿಗಳನ್ನು ಐದು ವರ್ಷಕ್ಕೊಮ್ಮೆ ಚುನಾವಣೆ ತಪ್ಪದೆ ಒದಗಿಸುತ್ತದೆ. ಗಮಕಿಯ ಪೀಠ ಮಾತ್ರ ಬಹುಮಟ್ಟಿಗೆ ತೆರವಾಗಿದೆ. ತೆರವಾಗಿರುವುದನ್ನು ಗಮನಿಸಿದವರೂ ವಿರಳ.

ಇದರ ಫಲವೇನೆಂಬುದನ್ನು ತಿಳಿಯಬೇಕಾದರೆ ಯಾವುದಾದರೊಂದು ಕವಿಗೋಷ್ಠಿಯಲ್ಲಿ ಒಂದು ಗಂಟೆ ಕುಳಿತರೆ ಸಾಕು. ಇಪ್ಪತ್ತು ಕವಿಗಳ ಹೆಸರುಗಳಿರುವ ಆಹ್ವಾನಪತ್ರಿಕೆ, ಒಬ್ಬೊಬ್ಬರಿಗೆ ಮೂರು ನಿಮಿಷ, ಎದುರಿಗೆ ತಮ್ಮ ಸರದಿಯನ್ನು ಕಾಯುತ್ತಿರುವ ಉಳಿದ ಹತ್ತೊಂಬತ್ತು ಕವಿಗಳು. ಕರೆದೊಡನೆ ಎದ್ದು ಬರುವವರು ಮೊಬೈಲಿನ ಪರದೆಯಲ್ಲಿ ಕಣ್ಣು ನೆಟ್ಟು, ಮೊದಲ ಸಾಲನ್ನು ಎರಡು ಬಾರಿ ಓದಬೇಕೆಂಬ ಅಲಿಖಿತ ನಿಯಮವನ್ನು ಪಾಲಿಸಿ, ಬಳಿಕ ಉಸಿರು ಸಿಕ್ಕಿದಲ್ಲಿ ನಿಲ್ಲಿಸಿ, ಸಿಗದಲ್ಲಿ ನುಂಗಿ, ಪ್ರಮಾಣಪತ್ರವನ್ನು ಪಡೆದು ಇಳಿದುಹೋಗುತ್ತಾರೆ. ಕವಿತೆಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಅವುಗಳಲ್ಲಿ ಕೆಲವು ಒಳ್ಳೆಯವೇ ಇದ್ದಿರಬೇಕು, ಆದರೆ ಅದನ್ನು ನಿರ್ಣಯಿಸುವಷ್ಟು ಅವು ಕೇಳುವವರನ್ನು ತಲುಪುವುದೇ ಇಲ್ಲ. ಕೊಡಗಿನ ನಮ್ಮ ಶನಿವಾರಸಂತೆ ಊರಿನಲ್ಲಿ ವಾರದ ಸಂತೆ ನೆರೆಯುವ ದಿನ ಒಣಮೆಣಸಿನಕಾಯಿ ಮಾರುವವನೂ ಬಟ್ಟೆ ಮಾರುವವನೂ ತನ್ನ ದನಿಯ ಏರಿಳಿತವನ್ನು ಗಿರಾಕಿಯ ಮುಖ ನೋಡಿ ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತಾನೆ. ವೇದಿಕೆಯ ಮೇಲಿನ ಕವಿಗೆ ಎದುರಿಗಿರುವ ಮುಖಗಳೇ ಕಾಣಿಸುವುದಿಲ್ಲ.

ಈಚೆಗೆ ಐರ್ಲೆಂಡಿನಲ್ಲಿ ಕವಿತೆಯನ್ನು ವೇದಿಕೆಯ ಮೇಲೆ ನಿಂತು ಹೇಳುವುದನ್ನೇ, ಹೇಳುಗಬ್ಬವನ್ನೇ ಎನ್ನೋಣ, ತಮ್ಮ ಕಸುಬಾಗಿಸಿಕೊಂಡವರ ಒಂದು ಪಂಗಡ ಬೆಳೆದಿದೆ. ಡಬ್ಲಿನ್ನಿನ ಸ್ಟೀಫನ್ ಜೇಮ್ಸ್ ಸ್ಮಿತ್ ಎಂಬವರಿಂದ 2017ರಲ್ಲಿ ಅಲ್ಲಿನ ಸೇಂಟ್ ಪ್ಯಾಟ್ರಿಕ್ ಉತ್ಸವದವರು ನಾಡನ್ನು ಕುರಿತ ಕವಿತೆಯೊಂದನ್ನು ಹೇಳುವುದಕ್ಕೆಂದೇ ಬರೆಯಿಸಿದರು. ನೈಜೀರಿಯಾ ಮೂಲದ ಫೆಲಿಸ್ಪೀಕ್ಸ್ ಎಂಬವರ ಕವಿತೆಯೊಂದು ಅಲ್ಲಿನ ಶಾಲಾ ಶಿಕ್ಷಣದ ಅಂತಿಮ ಪರೀಕ್ಷೆಯ ಪಠ್ಯಕ್ಕೂ ಸೇರಿದೆ. ಈ ವೈಭವಕ್ಕಿಂತ ನನ್ನ ಗಮನವನ್ನು ಸೆಳೆದದ್ದು ಇನ್ನೊಂದು ಸಂಗತಿ: ಇಂಥವರೊಡನೆ ಅವರ ಕಸುಬಿನ ಬಗೆಗೆ ಸಾವಕಾಶವಾಗಿ ಸಂವಾದ ನಡೆಸುವ ಪದ್ಧತಿ ಅಲ್ಲಿ ಉಂಟು. ಕವಿತೆಯನ್ನು ಕಂಠಸ್ಥ ಮಾಡುವ ಕ್ರಮವೇನು, ಉಸಿರನ್ನು ಎಲ್ಲಿ ಕೂಡಿಡಬೇಕು, ನಡುವೆ ಸಾಲೊಂದು ಮರೆತುಹೋದರೆ ಏನು ಮಾಡಬೇಕು, ಹರಟುವ ಸಭೆಯನ್ನು ಹೇಗೆ ಸುಮ್ಮನಾಗಿಸಬೇಕು, ಕಾಗದದ ಮೇಲೆ ಚೆನ್ನಾಗಿ ಕಂಡದ್ದು ಬಾಯಿಗೆ ಬಂದಾಗ ಸಪ್ಪೆಯಾಗುವುದೇಕೆ—ಕಮ್ಮಾರನನ್ನೋ ಬಡಗಿಯನ್ನೋ ಕೇಳಬಹುದಾದ ಇಂತಹ ನೇರವಾದ ಪ್ರಶ್ನೆಗಳನ್ನು ಅಲ್ಲಿ ಹೇಳುಗಬ್ಬದವರಿಗೆ ಕೇಳುತ್ತಾರೆ. ನಮ್ಮಲ್ಲಿ ಕವಿಯನ್ನು ಕೇಳುವ ಪ್ರಶ್ನೆ ಬೇರೆ: ನಿಮಗೆ ಪ್ರೇರಣೆ ಯಾರು, ಎಂದಿನಿಂದ ಬರೆಯಲು ಆರಂಭಿಸಿದಿರಿ, ಯಾವ ಯಾವ ಪ್ರಶಸ್ತಿಗಳು ಬಂದಿವೆ?

ಐರಿಷರಿಂದ ಕಲಿಯುವುದು ಕನ್ನಡಿಗರಿಗೆ ಹೊಸದೂ ಅಲ್ಲ, ಅಗೌರವವೂ ಅಲ್ಲ. 1922ರಲ್ಲಿ ಇಂಗ್ಲಿಷಿನಲ್ಲಿ ಕವಿತೆಗಳ ಪುಸ್ತಕವನ್ನು ಪ್ರಕಟಿಸಿದ್ದ ತರುಣ ಕುವೆಂಪು ಅವರಿಗೆ, 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರೇ ಅಲ್ಲವೆ ನಿಮ್ಮ ಮಾತೃಭಾಷೆಯಲ್ಲಿ ಬರೆಯಿರಿ ಎಂದು ಬುದ್ಧಿ ಹೇಳಿದವರು? ಇನ್ನೂ ಹಿಂದಕ್ಕೆ ಹೋದರೆ, ಹದಿನೇಳನೆಯ ಶತಮಾನದವರೆಗೂ ಉಳಿದಿದ್ದ ಐರಿಷರ ಆಸ್ಥಾನಕಾವ್ಯದ ಸಂಪ್ರದಾಯದಲ್ಲಿ ಕವಿಯು ಕತ್ತಲೆಯ ಕೋಣೆಯಲ್ಲಿ ಮಲಗಿ ಮನಸ್ಸಿನಲ್ಲಿಯೇ ಪದ್ಯವನ್ನು ಕಟ್ಟುತ್ತಿದ್ದನೆಂದೂ, ಅದನ್ನು ಒಡೆಯನ ಮುಂದೆ ಹಾರ್ಪ್ ವಾದ್ಯದ ಜೊತೆಯಲ್ಲಿ ಹೇಳಿ ಒಪ್ಪಿಸುವುದಕ್ಕೆ ಬೇರೊಬ್ಬ ವಾಚಕನಿರುತ್ತಿದ್ದನೆಂದೂ ತಿಳಿದುಬರುತ್ತದೆ. ಎರಡು ಪೀಠಗಳ ಆ ವಿವೇಕ ಸಮುದ್ರಗಳಾಚೆಯ ಆ ಪುಟ್ಟ ದ್ವೀಪದಲ್ಲಿಯೂ ಇತ್ತೆಂದಾಯಿತು.

ನಮ್ಮ ಗಮಕಿಯ ಕಸುಬು ಏನೆಂಬುದನ್ನು ಸ್ವಲ್ಪ ನಿಧಾನವಾಗಿಯೇ ನೋಡಬೇಕು. ಏಕೆಂದರೆ ಅದನ್ನು ಸಂಗೀತದ ಬಡ ತಮ್ಮನೆಂದು ತಿಳಿದು ತಳ್ಳಿಹಾಕುವವರೇ ಹೆಚ್ಚು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ತೆಗೆದುಕೊಳ್ಳಿ. ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂಬ ನಡಿಗೆಯಲ್ಲಿ ಹದಿನಾಲ್ಕು ಮಾತ್ರೆಗಳು. ಮೂರನೆಯದರಲ್ಲಿಯೂ ಆರನೆಯದರಲ್ಲಿಯೂ ಅದೇ ನಡಿಗೆ ಇನ್ನೊಂದು ಹೆಜ್ಜೆ ಮುಂದುವರಿದು ಕೊನೆಗೊಂದು ಗುರು. ಒಟ್ಟಿಗೆ 102 ಮಾತ್ರೆ. ಇಷ್ಟನ್ನು ಪಾಠಶಾಲೆಯಲ್ಲಿ ಪ್ರಸ್ತಾರ ಹಾಕಿ ಕಲಿತವರಿಗೆಲ್ಲ ಗೊತ್ತು. ಕಷ್ಟ ಇರುವುದು ಬೇರೆ ಕಡೆ. ಕವಿ ಪಾದದ ಅಂಚಿಗೆ ಬಂದಾಗ ನಿಲ್ಲುವವನಲ್ಲ. ಶಬ್ದ ಒಂದು ಪಾದದಲ್ಲಿ ಹುಟ್ಟಿ ಮುಂದಿನ ಪಾದದಲ್ಲಿ ಮುಗಿಯುತ್ತದೆ, ವಾಕ್ಯವಂತೂ ಎರಡು ಮೂರು ಪಾದಗಳನ್ನು ಹಾಯ್ದು ಎಲ್ಲಿಯೋ ನಡುವೆ ತಂಗುತ್ತದೆ. ಪಾದದ ಕೊನೆಯಲ್ಲಿ ನಿಂತರೆ ಅರ್ಥ ಒಡೆಯುತ್ತದೆ. ಅರ್ಥ ಮುಗಿದಲ್ಲಿ ನಿಂತರೆ ನಡಿಗೆ ಮುಗ್ಗರಿಸುತ್ತದೆ. ಈ ಎರಡರ ನಡುವೆ, ಕೇಳುವವನಿಗೆ ಪದಚ್ಛೇದವೂ ತಿಳಿಯುವಂತೆ, ಛಂದಸ್ಸಿನ ಗತಿಯೂ ಕೆಡದಂತೆ, ದ್ವಿತೀಯಾಕ್ಷರ ಪ್ರಾಸ ಕಿವಿಗೆ ತಾಗುವಂತೆ, ದ್ರೌಪದಿಯ ಮಾತು ದ್ರೌಪದಿಯ ದನಿಯಲ್ಲಿಯೂ ಭೀಮನ ಮಾತು ಭೀಮನ ದನಿಯಲ್ಲಿಯೂ ಕೇಳಿಸುವಂತೆ, ಆದರೂ ಅದು ನಾಟಕವಾಗದಂತೆ ಉಸಿರನ್ನು ಹಂಚಿಕೊಳ್ಳುವುದೇ ಗಮಕಿಯ ವಿದ್ಯೆ. ರಾಗ ಇಲ್ಲಿ ಉಂಟು. ಆದರೆ ಅದು ಸಾಹಿತ್ಯದ ಹಿಂದೆ ನಡೆಯತಕ್ಕದ್ದು. ಆಲಾಪನೆ ಉದ್ದವಾಗಿ ಮಾತು ಮರೆಯಾಯಿತೆಂದರೆ ಗಮಕ ಕೆಟ್ಟಿತೆಂದು ತಿಳಿಯಬೇಕು. ಜೊತೆಗೆ ವ್ಯಾಖ್ಯಾನಕಾರನೊಬ್ಬ ಕುಳಿತು ಪದ್ಯಪದ್ಯಕ್ಕೂ ಅರ್ಥವನ್ನು ಬಿಡಿಸುವುದರಿಂದ, ಅಕ್ಷರ ಬಾರದವನಿಗೂ ಮಹಾಭಾರತ ದಕ್ಕುತ್ತಿತ್ತು. ಮಳೆಗಾಲದ ದೀರ್ಘರಾತ್ರಿಗಳಲ್ಲಿ ಮಲೆನಾಡಿನ ಮನೆಗಳ ಜಗಲಿಯಲ್ಲಿ ಲಕ್ಷ್ಮೀಶನ ಜೈಮಿನಿಯನ್ನು ಓದಿಸಿ ಕೇಳಿದವರಲ್ಲಿ ಎಷ್ಟು ಮಂದಿ ಓದು ಬಲ್ಲವರಾಗಿದ್ದರು? ಓದು ಬರಹ ಕಲಿಯದೆಯೇ ಕಾವ್ಯದ ಬಳಕೆಯಲ್ಲಿ ಪಳಗಿದವರು ಈ ನಾಡಿನವರೆಂದು ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿಯೇ ಹೊಗಳಿತ್ತು. ಆ ಹೊಗಳಿಕೆಯನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಉದ್ಧರಿಸುವುದನ್ನು ನಾವು ಇನ್ನೂ ಬಿಟ್ಟಿಲ್ಲ.

ಶಿವಮೊಗ್ಗದ ಬಳಿ, ತುಂಗೆಯ ತೀರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ಎಂಬತ್ತೆಂಟು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನಾಡು ಗಮಕಿಯನ್ನು ನೆನೆಯುವ ಹೊತ್ತಿಗೆ ಅವರಿಂದ ಕೇಳಿ ತಿಳಿಯಲು ಉಳಿದ ಕಾಲ ಎಷ್ಟು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ನಮ್ಮ ಕೊಡಗಿನ ಮಾತಿಗೆ ಬರೋಣ. ಕೊಡವರ ಉಡುಗೆಯಾದ ಕುಪ್ಯ, ಚೇಲೆ, ಪೀಚೆಕತ್ತಿಗಳ ಚಿತ್ರವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬರುವ ಹೊರಗಿನವರಿಗೆ, ಹಾಸನದ ಗಡಿಗೆ ತಾಗಿದಂತಿರುವ ನಮ್ಮ ಈ ಉತ್ತರದ ಹೋಬಳಿಗಳಲ್ಲಿ ಕನ್ನಡವೇ ಮನೆಮಾತೆಂಬುದು ಆಶ್ಚರ್ಯವನ್ನು ಉಂಟುಮಾಡುತ್ತದೆ. ದಕ್ಷಿಣಕ್ಕೆ ಹೋದಂತೆ ಕೊಡವರ ದುಡಿಯ ನಾದ ಎದುರಾಗುತ್ತದೆ. ಇಬ್ಬಿಬ್ಬರಂತೆ ನಾಲ್ವರು, ಕೈಯಲ್ಲಿ ದುಡಿ. ಒಂದು ಜೋಡಿ ಹೇಳಿದ ಸಾಲನ್ನು ಇನ್ನೊಂದು ಜೋಡಿ ಎತ್ತಿಕೊಳ್ಳುತ್ತದೆ. ಮದುವೆಯಲ್ಲಿ, ಹುತ್ತರಿಯಲ್ಲಿ, ಸಾವಿನ ಮನೆಯಲ್ಲಿಯೂ ಈ ಹಾಡಿಗೆ ಸ್ಥಾನವುಂಟು; ಹಾಡಿನ ಚೌಕಟ್ಟು ಹಳೆಯದಾದರೂ ವಧೂವರರ ಹೆಸರು, ಒಕ್ಕದ, ಎಂದರೆ ಮನೆತನದ, ಹೆಸರು, ಊರಿನ ಹೆಸರು ಆಯಾ ಸಂದರ್ಭಕ್ಕೆ ತಕ್ಕಂತೆ ಅದರೊಳಗೆ ಸೇರಿಕೊಳ್ಳಬೇಕು. ಎರಡನೆಯ ಜೋಡಿ ಸಾಲನ್ನು ಮರುನುಡಿಯುವ ಅಷ್ಟೇ ಅವಕಾಶದಲ್ಲಿ ಮೊದಲನೆಯ ಜೋಡಿ ಮುಂದಿನ ಸಾಲನ್ನು ಹವಣಿಸಿಕೊಂಡಿರಬೇಕಲ್ಲವೆ? ಇದು ಎಂತಹ ಬುದ್ಧಿಯ ವ್ಯಾಯಾಮ! ಪೊಲೀಸ್ ಇಲಾಖೆಯ ಸೇವೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಈ ಹಾಡುಗಳನ್ನೂ ನಡೆನುಡಿಗಳನ್ನೂ ಕಲೆಹಾಕಿ, 1924ರಲ್ಲಿ ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಅಚ್ಚುಹಾಕಿಸಿದರು. ಕೊಡಗಿಗೆ ಅದಕ್ಕಿಂತ ದೊಡ್ಡ ಉಪಕಾರವನ್ನು ಮಾಡಿದ ಪುಸ್ತಕ ಬೇರೊಂದಿದೆಯೆಂದು ನನಗೆ ತೋರುವುದಿಲ್ಲ. ಆದರೆ ಪುಸ್ತಕ ಹಿಡಿದಿಡುವುದು ಹಾಡನ್ನು. ಹಾಡುವವನು ತನ್ನ ತಂದೆಯ ಪಕ್ಕದಲ್ಲಿ ಕುಳಿತು ಅದನ್ನು ಹೇಗೆ ಕಲಿತ, ಹೆಸರುಗಳನ್ನು ಲಯ ಕೆಡದಂತೆ ಹೇಗೆ ಪೋಣಿಸುತ್ತಾನೆ, ಇರುಳೆಲ್ಲ ಹಾಡಿ ಗಂಟಲನ್ನು ಹೇಗೆ ಕಾಪಾಡಿಕೊಳ್ಳುತ್ತಾನೆ ಎಂಬುದು ಹಾಡುವವನ ಜೊತೆಯಲ್ಲಿಯೇ ಹೊರಟುಹೋಗುತ್ತದೆ.

ಈ ನಷ್ಟ ನಮಗೊಬ್ಬರಿಗೇ ಆದದ್ದಲ್ಲ. 1935ರಲ್ಲಿ ಐರ್ಲೆಂಡಿನ ಸರ್ಕಾರ ಜಾನಪದ ಆಯೋಗವೊಂದನ್ನು ಸ್ಥಾಪಿಸಿ, ಊರೂರುಗಳಿಗೆ ಸಂಗ್ರಾಹಕರನ್ನು ಕಳುಹಿಸಿತು. 1937ರಿಂದ 1939ರವರೆಗೆ ಸುಮಾರು ಐವತ್ತು ಸಾವಿರ ಶಾಲಾಮಕ್ಕಳು ತಮ್ಮ ಊರಿನ ಹಿರಿಯರಿಂದ ಕಥೆಗಳನ್ನೂ ನಂಬಿಕೆಗಳನ್ನೂ ಕೇಳಿ ಬರೆದುಕೊಂಡರು. ಸಂಗ್ರಾಹಕರು ಹಳ್ಳಿಯ ಕಥೆಗಾರರ ದನಿಯನ್ನು ಮೇಣದ ಉರುಳೆಗಳ ಮೇಲೆ ಮುದ್ರಿಸಿಕೊಳ್ಳುತ್ತಿದ್ದರು. ಉರುಳೆಗಳು ದುಬಾರಿ, ಆದುದರಿಂದ ಕಥೆಯನ್ನು ಕಾಗದಕ್ಕೆ ಇಳಿಸಿಕೊಂಡ ಬಳಿಕ ಮೇಣವನ್ನು ಹೆರೆದು, ಇನ್ನೊಬ್ಬನ ಕಥೆಗೆ ಅದೇ ಉರುಳೆಯನ್ನು ಬಳಸುತ್ತಿದ್ದರು. ಪಠ್ಯ ಉಳಿಯಿತು, ದನಿ ಹೋಯಿತು. ಆದರೂ ಒಂದು ವಿವೇಕವನ್ನು ಅವರು ತೋರಿಸಿದರು: ಸಂಗ್ರಾಹಕರೆಲ್ಲ ದಿನಚರಿಯನ್ನು ಬರೆಯಬೇಕೆಂದು ನಿಯಮ ಮಾಡಿದ್ದರಿಂದ, ಕಥೆ ಹೇಳಿದವರ ಮನೆ, ಮಾತು, ಮರ್ಜಿಗಳ ವಿಚಾರ ಅಷ್ಟಿಷ್ಟು ದಾಖಲೆಯಾಯಿತು. ನಮ್ಮ ಕಾಲದಲ್ಲಿ ಮೇಣದ ಬೆಲೆಯ ನೆಪವೂ ಇಲ್ಲ; ಪ್ರತಿಯೊಬ್ಬರ ಜೇಬಿನಲ್ಲಿಯೂ ಧ್ವನಿಮುದ್ರಣದ ಯಂತ್ರವಿದೆ. ಇಲ್ಲದ್ದು ಕೇಳಬೇಕೆಂಬ ಕುತೂಹಲ.

ಕೇಳುವುದಕ್ಕೆ ಜನರೇನು ಕಡಿಮೆಯಿಲ್ಲ. ಸಂಪಾಜೆಯ ಘಾಟಿಯನ್ನು ಇಳಿದರೆ ತಾಳಮದ್ದಳೆಯ ಸೀಮೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದದ ಬೆನ್ನಿಗೆ ಅರ್ಥಧಾರಿ ಕುಳಿತಲ್ಲಿಂದಲೇ ಆಶುವಾಗಿ ಮಾತಿನ ಸೌಧವನ್ನು ಕಟ್ಟಬೇಕು. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು ಎದುರಾಳಿಯ ಒಂದು ಮಾತನ್ನು ಹಿಡಿದುಕೊಂಡು ವಾದವನ್ನು ಬೆಳೆಸುತ್ತಿದ್ದ ಬಗೆಯನ್ನು ಕೇಳಿದವರು ಇಂದಿಗೂ ಸ್ಮರಿಸುತ್ತಾರೆ. ಕವಿಗಳಲ್ಲಿಯೂ ಹೇಳಬಲ್ಲವರಿದ್ದರು: ಬೇಂದ್ರೆಯವರು ತಮ್ಮ ಕವನಗಳನ್ನು ತಾವೇ ಹೇಳಿ ಸಭೆಗಳನ್ನು ಗೆಲ್ಲುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಸಿದ್ಧಲಿಂಗಯ್ಯನವರ ಪದ್ಯಗಳು ಪುಸ್ತಕದಂಗಡಿಗಿಂತ ಹೆಚ್ಚಾಗಿ ಮೆರವಣಿಗೆಗಳಲ್ಲಿ ಬದುಕಿದವು. ನಡುವೆ ಸುಗಮಸಂಗೀತವೂ ಬಂತು. 1978ರ ‘ನಿತ್ಯೋತ್ಸವ’ದ ಧ್ವನಿಸುರುಳಿ ನಿಸಾರ್ ಅಹಮದ್ ಅವರ ಪದ್ಯಗಳನ್ನು ಮನೆಮನೆಗೆ ಒಯ್ದದ್ದು ಸಂತೋಷವೇ. ಆದರೆ ಗಾಯಕರ ಮಧುರ ಕಂಠಕ್ಕೆ ಕವಿತೆಯನ್ನು ಒಪ್ಪಿಸಿದ ಮೇಲೆ, ಕವಿತೆಯನ್ನು ಬರಿದೆ ಹೇಳುವುದೂ ಒಂದು ಕಲೆಯೆಂಬುದು ನಮಗೆ ಮರೆತೇಹೋಯಿತೆಂದು ನನ್ನ ಅನಿಸಿಕೆ. ಹಾಡಿಗೆ ಒಗ್ಗದ ಕವಿತೆ ವೇದಿಕೆಗೆ ಅನಾಥವಾಯಿತು.

ಕವಿತೆ ಏಕಾಂತದ ಓದಿಗಾಗಿ ಇರುವಂಥದು, ಅದನ್ನು ಸಭೆಯ ಚಪ್ಪಾಳೆಗೆ ಒಡ್ಡಿದರೆ ಅಗ್ಗವಾಗುತ್ತದೆ ಎಂದು ವಾದಿಸುವವರಿದ್ದಾರೆ. ನವ್ಯರ ಕಾಲದಿಂದ ಈ ವಾದಕ್ಕೆ ಬಲ ಬಂದಿದೆ. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಚಪ್ಪಾಳೆಯನ್ನೇ ಗುರಿಯಾಗಿಸಿಕೊಂಡ ಕವಿತೆ ಕೊನೆಯ ಸಾಲಿನಲ್ಲಿ ಘೋಷಣೆಯಾಗಿ ಮುಗಿಯುವುದನ್ನು ನಾವೆಲ್ಲ ಕೇಳಿದ್ದೇವೆ. ಐರ್ಲೆಂಡಿನ ಹೇಳುಗಬ್ಬದಲ್ಲಿಯೂ ಆ ದೋಷ ಕಾಣುತ್ತದೆ. ಆದರೆ ನವ್ಯರ ಹಿರಿಯರಾದ ಅಡಿಗರ ಪದ್ಯಗಳನ್ನೇ ಒಮ್ಮೆ ಗಟ್ಟಿಯಾಗಿ ಓದಿ ನೋಡಿ: ಆಡುಮಾತಿನ ಗತ್ತನ್ನೂ ವ್ಯಂಗ್ಯದ ಬಾಗುಬಳುಕನ್ನೂ ಬಲ್ಲ ಬಾಯಿಯೇ ಅಲ್ಲಿ ಅರ್ಧ ಅರ್ಥವನ್ನು ತೆರೆದು ತೋರಿಸುತ್ತದೆ. ಏಕಾಂತದಲ್ಲಿ ಓದುವಾಗಲೂ ಒಳಗಿವಿಯೊಂದು ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಒಳ್ಳೆಯ ವಾಚನವನ್ನು ಎಂದೂ ಕೇಳದವರಿಗೆ ಆ ಒಳಗಿವಿ ಹದವಾಗುವುದೆಂತು?

1932ರಲ್ಲಿ ಡಿ.ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಮಡಿಕೇರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಕೊಡಗು ಬೇರೆಯೇ ಆಡಳಿತದಲ್ಲಿತ್ತು. ಇಂದು ಇದೇ ಜಿಲ್ಲೆಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆಗೆ ಅಕಾಡೆಮಿ ಇದೆ, ಮಡಿಕೇರಿಯ ದಸರೆಯಲ್ಲಿ ಬಹುಭಾಷಾ ಕವಿಗೋಷ್ಠಿ ನಡೆಯುತ್ತದೆ, ಹೋಬಳಿಹೋಬಳಿಗೂ ಕನ್ನಡ ಸಾಹಿತ್ಯ ಪರಿಷತ್ತಿನ ಘಟಕಗಳಿವೆ. ಇವುಗಳನ್ನು ನಡೆಸುವ ಮಹನೀಯರಲ್ಲಿ ನನ್ನ ಬಿನ್ನಹ ಇಷ್ಟೆ: ಮುಂದಿನ ಗೋಷ್ಠಿಯ ಆಹ್ವಾನಪತ್ರಿಕೆಯಲ್ಲಿ ಇಪ್ಪತ್ತರ ಬದಲು ಹತ್ತು ಕವಿಗಳ ಹೆಸರುಗಳನ್ನು ಅಚ್ಚುಹಾಕಿಸಿ, ಆ ಹತ್ತು ಮಂದಿಯೂ ಕಾಗದವಿಲ್ಲದೆ ತಮ್ಮ ಒಂದೊಂದು ಪದ್ಯವನ್ನು ಹೇಳಬೇಕೆಂದು ಮೊದಲೇ ತಿಳಿಸಿ, ಉಳಿದ ಸಮಯವನ್ನು ಒಬ್ಬ ಗಮಕಿಗೋ, ದುಡಿ ಹಿಡಿದ ಹಿರಿಯನಿಗೋ, ಸುಗ್ಗಿಯ ಹಾಡು ಬಲ್ಲ ಅಜ್ಜಿಗೋ ಕೊಟ್ಟು, ಸನ್ಮಾನದ ಶಾಲನ್ನು ಹೊದಿಸುವುದಕ್ಕೆ ಮುಂಚೆ ಅವರ ಕಸುಬಿನ ಬಗೆಗೆ ಅರ್ಧ ಗಂಟೆ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಮುದ್ರಿಸಿಕೊಳ್ಳಿ. ಖರ್ಚು ಏನೂ ಇಲ್ಲ. ಈ ವರ್ಷವೇ ಮಾಡಿ. ಹೇಳಬಲ್ಲವರಲ್ಲಿ ಹೆಚ್ಚಿನವರು ಎಪ್ಪತ್ತನ್ನು ದಾಟಿದ್ದಾರೆ.