ಹಿಮದ ಬಂಡಿಯೂ ನಮ್ಮ ಗುಜರಿಯೂ

ಕೆನಡಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಕೆಲವು ಛಾಯಾಚಿತ್ರಗಳನ್ನು ಕಳುಹಿಸಿದ್ದ. "ಸಾರ್, ನೀವು ಹೇಳಿಕೊಟ್ಟ ಒತ್ತಡದ ಪಾಠ ಇಲ್ಲಿ ನಿಂತಿದೆ ನೋಡಿ" ಎಂದು ಬರೆದಿದ್ದ. ಚಿತ್ರದಲ್ಲಿದ್ದುದು ಎರಡನೆಯ ಮಹಾಯುದ್ಧದ ಕಾಲದ 'ವೀಸೆಲ್' ಎಂಬ ಹಿಮವಾಹನ. ಕೊಟ್ಟಿಗೆಯೊಂದರಲ್ಲಿ ತುಕ್ಕು ತಿನ್ನುತ್ತಿದ್ದ ಅದನ್ನು ಅವನ ನೆರೆಯವರು ವರ್ಷಗಟ್ಟಲೆ ದುಡಿದು ಮತ್ತೆ ಓಡುವಂತೆ ಮಾಡಿದ್ದಾರಂತೆ.

ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ನನ್ನ ವಿದ್ಯಾರ್ಥಿಗಳು ಇದನ್ನು ಮರೆತಿರಲಾರರು. ಅಮೆರಿಕದ ಸ್ಟೂಡ್‌ಬೇಕರ್ ಕಂಪನಿ ತಯಾರಿಸಿದ ವೀಸೆಲ್ ಸುಮಾರು ಎರಡು ಟನ್ ತೂಗುತ್ತದೆ. ಆದರೂ ಅಗಲವಾದ ಪಟ್ಟಿಗಳ ಮೇಲೆ ಆ ಭಾರ ಹರಡಿಕೊಳ್ಳುವುದರಿಂದ, ಅದು ಹಿಮದ ಮೇಲೆ ಹಾಕುವ ಒತ್ತಡ ಮನುಷ್ಯನ ಹೆಜ್ಜೆಯ ಒತ್ತಡಕ್ಕಿಂತ ಕಡಿಮೆ. ನಾವು ಹೂತುಹೋಗುವಲ್ಲಿ ಅದು ತೇಲಿದಂತೆ ಸಾಗುತ್ತದೆ.

ಹಿಮಕ್ಕೂ ನಮಗೂ ಏನು ಸಂಬಂಧವೆಂದು ಕೇಳಬಹುದು. ನಮ್ಮ ಮಡಿಕೇರಿಯವರೇ ಆದ ಜನರಲ್ ಕೆ. ಎಸ್. ತಿಮ್ಮಯ್ಯನವರು 1948ರ ನವೆಂಬರ್ 1ರಂದು ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದರು. ಅದು 11,500 ಅಡಿಗೂ ಮಿಗಿಲಾದ ಎತ್ತರ. ಆ ಸ್ಟುವರ್ಟ್ ಟ್ಯಾಂಕುಗಳು ಹಿಮಕ್ಕೆಂದು ಹುಟ್ಟಿದವಲ್ಲ. ಗೋಪುರಗಳನ್ನು ಬಿಚ್ಚಿ, ಮುಚ್ಚುಮರೆಯಲ್ಲಿ ಜಮ್ಮುವಿನಿಂದ ಸಾಗಿಸಿ, ಮತ್ತೆ ಜೋಡಿಸಿ, ಯಾರೂ ನಿರೀಕ್ಷಿಸದ ಎತ್ತರದಲ್ಲಿ ಅವನ್ನು ನಿಲ್ಲಿಸಿದರು. ದಂಡನಾಯಕನ ಧೈರ್ಯ ಅಲ್ಲಿ ಎಷ್ಟಿತ್ತೋ, ಬಿಚ್ಚಿ ಜೋಡಿಸಿದ ಕೈಗಳ ಜಾಣ್ಮೆಯೂ ಅಷ್ಟೇ ಇತ್ತು. 2021ರಲ್ಲಿ ಅವರ ಮಡಿಕೇರಿಯ ಮನೆ ವಸ್ತುಸಂಗ್ರಹಾಲಯವಾಯಿತು. ಸಂತೋಷ. ಆದರೆ ಆ ಕೈಗಳ ಜಾಣ್ಮೆಯನ್ನು ಎಲ್ಲಿ ಕಾಪಿಡುತ್ತೇವೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಭಾವನವರ ತೋಟದ ಮನೆಯಲ್ಲಿ ಸೈನ್ಯದಿಂದ ವಿಲೇವಾರಿಯಾಗಿ ಬಂದ ಹಳೆಯ ವಿಲ್ಲಿಸ್ ಜೀಪೊಂದಿತ್ತು. ಮಲೆನಾಡಿನ ಆಷಾಢದ ಕೆಸರು ಹಿಮಕ್ಕಿಂತ ಕಡಿಮೆಯದೇನಲ್ಲ. ಅಂಥದೊಂದು ರಾತ್ರಿ ನಮ್ಮ ಅಕ್ಕನನ್ನು ಹೆರಿಗೆಗೆಂದು ಶಿವಮೊಗ್ಗಕ್ಕೆ ತಲುಪಿಸಿದ್ದು ಆ ಜೀಪೇ. ಅಂದು ಹುಟ್ಟಿದವನು ಈ ಬರಹವನ್ನು ಓದುವವರಲ್ಲಿ ಒಬ್ಬ. ಕೆನಡಾದ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್‌ಗೆ ಆ ಭಾಗ್ಯವಿರಲಿಲ್ಲ. 1934ರ ಚಳಿಗಾಲದಲ್ಲಿ ಹಿಮ ದಾರಿ ಮುಚ್ಚಿದ್ದರಿಂದ ಅವನ ಪುಟ್ಟ ಮಗನನ್ನು ಆಸ್ಪತ್ರೆಗೆ ಒಯ್ಯಲಾಗದೆ ಮಗು ತೀರಿಕೊಂಡಿತು. ಕೆಲವೇ ವರ್ಷಗಳಲ್ಲಿ ಅವನು ಹಿಮವಾಹನಗಳನ್ನು ತಯಾರಿಸಿ ಮಾರತೊಡಗಿದ. ಯುದ್ಧಕಾಲದಲ್ಲಿ ಸೈನ್ಯಕ್ಕೂ ಒದಗಿಸಿದ.

ನಮ್ಮ ಜೀಪು ಏನಾಯಿತು? 1994ರ ಸುಮಾರಿಗೆ ಅದು ನಿಂತುಹೋಯಿತು. ಭಾವನವರು ನನ್ನನ್ನು ಕೇಳಿದರು. ಓದಿದವನೆಂಬ ಹಮ್ಮಿನಲ್ಲಿ, "ಜಾಗ ಹಿಡಿದುಕೊಂಡಿದೆ, ಗುಜರಿಗೆ ಹಾಕಿಬಿಡಿ ಭಾವ" ಎಂದೆ. ಮುಂದೆ ನಿಂತು ತೂಗಿಸಿದವನೂ ನಾನೇ. ಇದನ್ನು ಕೇಳಿದ ಭದ್ರಾವತಿಯ ಟರ್ನರ್ ಗೆಳೆಯರೊಬ್ಬರು, "ಒಂದು ಮಾತು ಹೇಳಿದ್ದರೆ ಲೇತಿನಲ್ಲಿ ಬುಷ್ ಕಡೆದುಕೊಡುತ್ತಿದ್ದೆನಲ್ಲ ಮೇಷ್ಟ್ರೇ" ಎಂದು ನೊಂದುಕೊಂಡರು. ಆ ಗೆಳೆಯರು ಈಗಿಲ್ಲ.

ಭದ್ರಾವತಿ ಅಂಥ ಕೈಗಳ ಊರು. 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿತು. ಸರಿಯಾಗಿ ನೂರು ವರ್ಷಕ್ಕೆ, 2023ರಲ್ಲಿ, ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರದ ಸುದ್ದಿ ಕೇಳಿ ಊರೇ ಬೀದಿಗಿಳಿಯಿತು. ಕಾಗದದ ಕಾರ್ಖಾನೆ ಅದಕ್ಕೂ ಮೊದಲೇ ಸ್ತಬ್ಧವಾಗಿತ್ತು. ಅಲ್ಲಿನ ಫಿಟ್ಟರು, ಮೋಲ್ಡರು, ಟರ್ನರುಗಳೊಡನೆ ಎಷ್ಟೋ ಬಗೆಯ ಜ್ಞಾನ ಸದ್ದಿಲ್ಲದೆ ಮಣ್ಣಾಗುತ್ತಿದೆ.

ಹಳೆಯ ಯಂತ್ರಗಳಿಗೆ ಹಣ ಸುರಿಯುವುದು ಉಳ್ಳವರ ಖಯಾಲಿ ಎಂಬ ಆಕ್ಷೇಪವುಂಟು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ನಾನೂ ಎಲ್ಲವನ್ನೂ ಉಳಿಸಬೇಕೆನ್ನುವವನಲ್ಲ. ಆದರೆ ಕಟ್ಟೆಯ ಮೇಲೆ ಬಣ್ಣ ಬಳಿದು ನಿಲ್ಲಿಸಿದ ಹತ್ತು ಯಂತ್ರಗಳಿಗಿಂತ ಓಡುವ ಒಂದು ಯಂತ್ರ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಂತದ್ದು ಹೊರಮೈಯನ್ನಷ್ಟೇ ತೋರಿಸುತ್ತದೆ. ಓಡುವುದನ್ನು ಓಡಿಸಲು ಯಾರಾದರೂ ಕಲಿತಿರಲೇಬೇಕು, ಕಲಿಸಲೇಬೇಕು. ಐಟಿಐ ಹುಡುಗರು ನಿವೃತ್ತ ಫಿಟ್ಟರೊಬ್ಬರ ಜೊತೆ ಕುಳಿತು ಒಂದು ಹಳೆಯ ಎಂಜಿನ್ನನ್ನು ಬಿಚ್ಚಿ ಜೋಡಿಸಿದರೆ, ಅದು ಯಾವ ಪಠ್ಯಕ್ಕೂ ಕಡಿಮೆಯಲ್ಲ.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಒಂದು ಕೋರಿಕೆ. ನಿಮ್ಮ ಕೊಟ್ಟಿಗೆಯಲ್ಲಿ ಹಳೆಯ ವಾಹನವೋ ಯಂತ್ರವೋ ಇದ್ದರೆ ಗುಜರಿಯವನನ್ನು ಕರೆಯುವ ಮುನ್ನ ಒಂದು ವಾರ ತಡೆಯಿರಿ. ಅದರ ಸಂಖ್ಯೆಯ ತಗಡನ್ನು ಕೀಳಬೇಡಿ, ಅದರ ಮೇಲೆ ಬಣ್ಣ ಬಳಿಯಬೇಡಿ. ಬಿಚ್ಚುವ ಮೊದಲು ಚಿತ್ರ ತೆಗೆದಿಡಿ. ಓಣಿಯ ಹಿರಿಯ ಮೆಕ್ಯಾನಿಕ್‌ನನ್ನು ಕರೆದು ತೋರಿಸಿ, ಅವರು ಹೇಳುವುದನ್ನು ಬರೆದುಕೊಳ್ಳಿ. ಆಮೇಲೂ ಮಾರುವುದಾದರೆ ಮಾರಿ; ನನ್ನ ಹಾಗೆ ಕೇಳದೆ, ತಿಳಿಯದೆ ತೂಗಿಸಬೇಡಿ.